ಅರ್ಥವಿಪತ್ತೂ ಆತ್ಮಹತ್ಯೆಯೂ

ಮನುಷ್ಯನೊಬ್ಬನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನೆಂಬ ಸುದ್ದಿ ಬಂದೊಡನೆ ಊರಿನವರು ಕೇಳುವ ಮೊದಲ ಪ್ರಶ್ನೆಯು ‘ಅವನಿಗೆ ಏನು ಕಷ್ಟವಿತ್ತು?’ ಎಂಬುದು. ಸಾಲವಿತ್ತೆಂದು ಯಾರಾದರೂ ಹೇಳಿದರೆ ಉತ್ತರವು ದೊರೆತಂತಾಗಿ ಮಾತು ಅಲ್ಲಿಗೆ ನಿಲ್ಲುವುದು. ಆದರೆ ಅದೇ ಊರಿನಲ್ಲಿ ಅದಕ್ಕಿಂತ ಹೆಚ್ಚಿನ ಸಾಲವುಳ್ಳವರೂ, ಹೊತ್ತಿನ ಗಂಜಿಗೆ ಪರದಾಡುವವರೂ ಬದುಕಿಯೇ ಇರುವರು. ಹಾಗಾದರೆ ದಾರಿದ್ರ್ಯಕ್ಕೂ ಆತ್ಮಹತ್ಯೆಗೂ ಇರುವ ಸಂಬಂಧವು ಎಂತಹುದು? ಒಬ್ಬನ ಚರಿತ್ರೆಯಿಂದ ಇದನ್ನು ನಿರ್ಣಯಿಸಲು ಸಾಧ್ಯವಿಲ್ಲ. ಒಂದೊಂದು ಮರಣದಲ್ಲಿಯೂ ದೇಹವ್ಯಾಧಿ, ಮನೋವ್ಯಾಧಿ, ಗೃಹಕಲಹ, ಅವಮಾನ ಮುಂತಾದ ಹಲವು ಎಳೆಗಳು ಹೆಣೆದುಕೊಂಡಿರುವುವು. ಒಂದು ಜನಸಮುದಾಯದ ಲೆಕ್ಕವನ್ನು ವರ್ಷಾನುಗಟ್ಟಲೆ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಆ ಎಳೆಗಳಲ್ಲಿ ಯಾವುದು ಯಾವ ಕಾಲದಲ್ಲಿ ಬಿಗಿಯಾಯಿತೆಂಬುದು ಕಂಡುಬರುವುದು. ಅಂತಹ ಲೆಕ್ಕಗಳು ಯೂರೋಪಿನಲ್ಲಿ ನೂರೈವತ್ತು ವರ್ಷಗಳಿಗೂ ಹಿಂದಿನಿಂದ ದೊರೆಯುತ್ತವೆ. ಅವುಗಳು ಹೇಳುವ ಕಥೆಯು ಊರಿನ ಮಾತಿಗಿಂತ ಭಿನ್ನವಾದುದು.

ಈ ವಿಚಾರವನ್ನು ಶಾಸ್ತ್ರದ ಮಟ್ಟಕ್ಕೇರಿಸಿದವರಲ್ಲಿ ಫ್ರಾನ್ಸ್ ದೇಶದ ಎಮಿಲ್ ಡರ್ಖೈಮನು ಅಗ್ರಗಣ್ಯನು. ಆತ್ಮಹತ್ಯೆಯನ್ನೇ ವಿಷಯವಾಗುಳ್ಳ ಅವನ ಗ್ರಂಥವು 1897ರಲ್ಲಿ ಪ್ರಕಟವಾಯಿತು. ಅವನು ಮೊದಲು ಎತ್ತಿಕೊಂಡ ಉದಾಹರಣೆಗಳಲ್ಲಿ ವಿಯೆನ್ನಾ ನಗರದ್ದು ಒಂದು. 1873ನೆಯ ಮೇ ತಿಂಗಳ ಮೊದಲ ದಿನ ಆ ನಗರದಲ್ಲಿ ಲೋಕಪ್ರದರ್ಶನವೊಂದು ಮಹಾಸಂಭ್ರಮದಿಂದ ಆರಂಭವಾಯಿತು. ಅದೇ ತಿಂಗಳ 9ರಂದು ಅಲ್ಲಿಯ ಷೇರುಪೇಟೆಯು ಕುಸಿದುಬಿದ್ದಿತು. ಬ್ಯಾಂಕುಗಳು ಬಾಗಿಲು ಹಾಕಿದುವು, ಸಿರಿವಂತರು ವಾರದೊಳಗೆ ಬರಿಗೈಯವರಾದರು. 1872ರಲ್ಲಿ ವಿಯೆನ್ನಾದಲ್ಲಿ 141 ಆತ್ಮಹತ್ಯೆಗಳಾಗಿದ್ದುವು. 1873ರಲ್ಲಿ ಅವು 153 ಆದುವು. ಸಂಕಟವು ಪರಾಕಾಷ್ಠೆಗೇರಿದ 1874ರಲ್ಲಿ 216ಕ್ಕೆ ಮುಟ್ಟಿದುವು. ಎರಡು ವರ್ಷಗಳೊಳಗೆ ಅರ್ಧದಷ್ಟು ಏರಿಕೆ. ಇಷ್ಟನ್ನೇ ನೋಡಿದರೆ ಊರಿನ ಮಾತೇ ದಿಟವೆಂದು ತೋರುವುದು.

ಆದರೆ ಡರ್ಖೈಮನು ಅಲ್ಲಿಗೆ ನಿಲ್ಲಲಿಲ್ಲ. ಕಷ್ಟವೇ ಕಾರಣವಾದರೆ ಸುಭಿಕ್ಷಕಾಲದಲ್ಲಿ ಆತ್ಮಹತ್ಯೆಗಳು ಇಳಿಯಬೇಕಷ್ಟೆ. ಇಟಲಿಯು ಏಕರಾಜ್ಯವಾಗಿ, 1870ರಿಂದೀಚೆಗೆ ಅಲ್ಲಿ ವ್ಯಾಪಾರವೂ ಕೂಲಿಯೂ ಹೆಚ್ಚಿದಾಗ ಆತ್ಮಹತ್ಯೆಗಳೂ ಹೆಚ್ಚಿದುವು. ಪ್ಯಾರಿಸಿನಲ್ಲಿ 1878ರ ಮಹಾಪ್ರದರ್ಶನದ ವರ್ಷವು ಲಾಭದ ವರ್ಷವಾಗಿದ್ದರೂ ಅಲ್ಲಿಯ ಲೆಕ್ಕವು ಇಳಿಯದೆ ಏರಿತು. ಇದಕ್ಕೆ ಪ್ರತಿಯಾಗಿ ಐರ್ಲೆಂಡಿನ ರೈತನು ಬಡತನದಲ್ಲಿ ಬೆಂದರೂ ಅಲ್ಲಿ ಆತ್ಮಹತ್ಯೆಗಳು ವಿರಳವಾಗಿದ್ದುವು. ದಕ್ಷಿಣ ಇಟಲಿಯ ಬಡಪ್ರಾಂತವಾದ ಕಲಾಬ್ರಿಯದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದುವು. ಸ್ಪೇನಿನ ಪ್ರಮಾಣವು ಫ್ರಾನ್ಸಿನದರ ಹತ್ತರಲ್ಲೊಂದು ಪಾಲಾಗಿತ್ತು. ಇವುಗಳಿಂದ ಅವನು ತೆಗೆದ ಸಿದ್ಧಾಂತವೇನೆಂದರೆ, ಮನುಷ್ಯನನ್ನು ಅಲುಗಿಸುವುದು ಬಡತನವಲ್ಲ, ಸ್ಥಿತಿಯ ಹಠಾತ್ ಪಲ್ಲಟ. ಸಮಾಜವು ಒಬ್ಬೊಬ್ಬನಿಗೂ ಇಂತಿಷ್ಟು ಬಯಸಬಹುದೆಂದು ಹಾಕಿಕೊಟ್ಟ ಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಸಡಿಲವಾದಾಗ ಮನುಷ್ಯನು ದಿಕ್ಕುಗೆಡುವನು. ಆ ಕಟ್ಟುಗೆಟ್ಟ ಸ್ಥಿತಿಗೆ ಅವನು ‘ಅನೋಮಿ’ ಎಂಬ ಹೆಸರನ್ನಿಟ್ಟನು.

ಇದೇ ಕಾಲದಲ್ಲಿ ಭಾರತದಲ್ಲಿ ನಡೆದ ಒಂದು ಘಟನೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡುವುದು ಪ್ರಯೋಜನಕರ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬಾರದೆ ಹೋದಾಗ ಮುಂಬಯಿ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂದಿತು. ದಖ್ಖಣದಿಂದ ಧಾರವಾಡದ ಎರೆಹೊಲಗಳವರೆಗೂ ಆ ಬಿಸಿ ತಟ್ಟಿತು. ಯುದ್ಧವು ಮುಗಿದೊಡನೆ ಬೆಲೆಯು ಇಳಿಯಿತು. ಸಾಲವು ಮಾತ್ರ ಉಳಿಯಿತು. ಅದರ ಮೇಲೆ ಕಂದಾಯವೂ ಏರಿತು. ಸಾಹುಕಾರರು ಹೊಸ ಸಾಲವನ್ನು ನಿಲ್ಲಿಸಿ ಹಳೆಯದಕ್ಕೆ ಕೋರ್ಟಿನಿಂದ ಡಿಕ್ರಿಗಳನ್ನು ತಂದರು. 1875ನೆಯ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಎಂಬ ಊರಿನ ಪೇಟೆಯಲ್ಲಿ ರೈತರು ಗುಂಪುಗೂಡಿ ಸಾಹುಕಾರರ ಮನೆಗಳನ್ನು ಹೊಕ್ಕರು. ಪುಣೆ, ಅಹಮದನಗರ ಜಿಲ್ಲೆಗಳ ಇತರ ಗ್ರಾಮಗಳಲ್ಲಿಯೂ ಹೀಗೆಯೇ ನಡೆಯಿತು. ವಿಚಾರಣೆಗೆ ನೇಮಕವಾದ ಕಮಿಷನ್ನಿನವರು ಗಮನಿಸಿದ ವಿಶೇಷವೆಂದರೆ, ಆ ಜನರ ಉದ್ದೇಶವು ಬಹುಮಟ್ಟಿಗೆ ಸಾಲಪತ್ರಗಳನ್ನು ಪಡೆದು ಸುಡುವುದಾಗಿತ್ತು. ಪತ್ರವನ್ನು ಕೊಟ್ಟವನಿಗೆ ಸಾಮಾನ್ಯವಾಗಿ ಬೇರೆ ಹಾನಿಯನ್ನು ಮಾಡಲಿಲ್ಲ. ವಿಯೆನ್ನಾದಲ್ಲಿ ದಿವಾಳಿಯಾದವನು ಒಬ್ಬಂಟಿಯಾಗಿದ್ದನು. ಸೂಪಾದಲ್ಲಿ ಊರಿಗೆ ಊರೇ ಸಾಲಗಾರನಾಗಿತ್ತು. ನೆರೆಯವನದೂ ತನ್ನದೂ ಒಂದೇ ಗತಿಯೆಂದು ಬಲ್ಲವನಿಗೆ ಸಾಲವು ಅನ್ಯಾಯವಾಗಿ ತೋರುವುದು. ತನ್ನೊಬ್ಬನಿಗೇ ಹೀಗಾಯಿತೆಂದು ಭಾವಿಸಿದವನಿಗೆ ಅದೇ ಸಾಲವು ಅಪಮಾನವಾಗಿ ತೋರುವುದು. ಈ ಭೇದವು ಮುಂದಿನ ಚರಿತ್ರೆಗೆಲ್ಲ ಕೀಲಿಕೈಯಂತಿದೆ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆಯು ಮುರಿದುಬಿದ್ದ ಕಥೆಯು ಎಲ್ಲರಿಗೂ ತಿಳಿದದ್ದು. ಆ ವಾರಗಳಲ್ಲಿ ಧನಿಕರು ಸಾಲುಸಾಲಾಗಿ ಪ್ರಾಣ ಬಿಟ್ಟರೆಂಬ ವದಂತಿಯು ಲೋಕವನ್ನೆಲ್ಲ ಸುತ್ತಿತು. ಅರ್ಥಶಾಸ್ತ್ರಜ್ಞನಾದ ಜಾನ್ ಕೆನೆತ್ ಗಾಲ್‌ಬ್ರೆತನು 1955ರ ತನ್ನ ಗ್ರಂಥದಲ್ಲಿ ಸರ್ಕಾರದ ಲೆಕ್ಕಗಳನ್ನು ತೆಗೆದು ನೋಡಿ, ಅದು ಬರಿಯ ದಂತಕಥೆಯೆಂದು ತೋರಿಸಿದನು. ಪೇಟೆಯು ಮುರಿದ ಅಕ್ಟೋಬರ್ ನವೆಂಬರ್ ತಿಂಗಳುಗಳಿಗಿಂತ, ಪೇಟೆಯು ಮೆರೆಯುತ್ತಿದ್ದ ಅದೇ ವರ್ಷದ ಬೇಸಗೆಯ ತಿಂಗಳುಗಳಲ್ಲಿಯೇ ಆತ್ಮಹತ್ಯೆಗಳು ಹೆಚ್ಚಾಗಿದ್ದುವು. ನಿಜವಾದ ಏರಿಕೆಯು ಸದ್ದಿಲ್ಲದೆ, ಮೆಲ್ಲಮೆಲ್ಲನೆ ಬಂದಿತು. ಅಮೆರಿಕದಲ್ಲಿ ಲಕ್ಷ ಜನಕ್ಕೆ 1929ರಲ್ಲಿ ಸುಮಾರು 14 ಆಗಿದ್ದ ಪ್ರಮಾಣವು 1932ರಲ್ಲಿ 17ನ್ನು ದಾಟಿತು. ಅವರಲ್ಲಿ ಬಹುಮಂದಿ ಷೇರನ್ನು ಕಣ್ಣಿನಿಂದ ಕಂಡವರೂ ಅಲ್ಲ. ಪೇಟೆಯ ಧ್ವನಿಯು ಅಡಗಿದ ಮೇಲೆ ಕಾರ್ಖಾನೆ ಮುಚ್ಚಿ ಮನೆಗೆ ಬಂದು ಕುಳಿತ ಕಾಲದ ಲೆಕ್ಕ ಅದು. ಇನ್ನೊಂದು ಆಶ್ಚರ್ಯವುಂಟು. ಅದೇ 1929ರಿಂದ 1932ರೊಳಗೆ ಅಮೆರಿಕದವರ ಸರಾಸರಿ ಆಯುಸ್ಸು 57.1 ವರ್ಷಗಳಿಂದ 63.3 ವರ್ಷಗಳಿಗೆ ಏರಿತೆಂದು 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ತಿಳಿಸುತ್ತದೆ. ಎಂದರೆ ಮುಗ್ಗಟ್ಟಿನ ವರ್ಷಗಳಲ್ಲಿ ಒಟ್ಟು ಮರಣಗಳು ಇಳಿದುವು. ಆತ್ಮಹತ್ಯೆಯು ಮಾತ್ರ ಏರಿತು. ಹೊಟ್ಟೆಯ ಹಸಿವೇ ಇದಕ್ಕೆ ಮೂಲವಾಗಿದ್ದರೆ ಲೆಕ್ಕವು ಈ ರೂಪದಲ್ಲಿರಲಾರದು.

ಹಸಿವಲ್ಲದೆ ಮತ್ತೇನು? ಇದಕ್ಕೆ ಉತ್ತರವು ಪುನಃ ವಿಯೆನ್ನಾದ ಸಮೀಪದಿಂದಲೇ ಬಂದಿತು. ಆ ನಗರಕ್ಕೆ ಹತ್ತಿರದಲ್ಲಿ ಮಾರಿಯೆಂಟಾಲ್ ಎಂಬ ಹಳ್ಳಿಯುಂಟು. ಅಲ್ಲಿಯ ಜೀವನವೆಲ್ಲ ಒಂದು ನೂಲಿನ ಗಿರಣಿಯನ್ನು ನೆಚ್ಚಿಕೊಂಡಿತ್ತು. ಮುಗ್ಗಟ್ಟಿನಲ್ಲಿ ಆ ಗಿರಣಿಯು ಮುಚ್ಚಿತು. ಮಾರಿ ಯಾಹೋಡಾ, ಪಾಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ತರುಣ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಅಲ್ಲಿಯ 478 ಕುಟುಂಬಗಳ ಸ್ಥಿತಿಯನ್ನು ಪರಿಶೀಲಿಸಿ 1933ರಲ್ಲಿ ವರದಿಯನ್ನು ಪ್ರಕಟಿಸಿದರು. ಬಿಡುವು ಬೇಕಾದಷ್ಟು ದೊರೆತಾಗ ಜನರು ಓದುವರು, ಕೂಡಿ ಕಲೆಯುವರು, ಇಲ್ಲವೆ ಸಿಟ್ಟಿಗೆದ್ದು ದಂಗೆಯೇಳುವರೆಂದು ನಿರೀಕ್ಷಿಸಬಹುದಷ್ಟೆ. ಹಾಗೇನೂ ಆಗಲಿಲ್ಲ. ಪುಸ್ತಕಭಂಡಾರದ ಶುಲ್ಕವನ್ನು ತೆಗೆದುಹಾಕಿದರೂ ಅಲ್ಲಿಂದ ಪುಸ್ತಕವನ್ನೊಯ್ಯುವುದು ಅರ್ಧಕ್ಕೆ ಇಳಿದಿತ್ತು. ಬೀದಿಯಲ್ಲಿ ಗಂಡಸರ ನಡಿಗೆಯನ್ನು ಗಡಿಯಾರ ಹಿಡಿದು ಅಳೆದಾಗ ಅವರು ಹೆಂಗಸರಿಗಿಂತ ನಿಧಾನವಾಗಿ, ಅಲ್ಲಲ್ಲಿ ನಿಂತು ನಿಂತು ನಡೆಯುತ್ತಿದ್ದರು. ಹೆಂಗಸರಿಗೆ ಒಲೆ, ಮಕ್ಕಳು, ಬಟ್ಟೆಬರೆಗಳ ಕೆಲಸವು ತಪ್ಪಿರಲಿಲ್ಲ. ಗಂಡಸರಿಗೆ ಹೋಗಬೇಕಾದ ಕಡೆಯೇ ಇರಲಿಲ್ಲ. ದಿನವನ್ನು ಹೇಗೆ ಕಳೆದಿರೆಂದು ಕೇಳಿದರೆ ಹೇಳಲು ಅವರಿಗೆ ಏನೂ ತೋಚುತ್ತಿರಲಿಲ್ಲ. ಉದ್ಯೋಗವು ಕೂಲಿಯೊಡನೆ ಕಾಲಕ್ಕೆ ಒಂದು ಕ್ರಮವನ್ನೂ, ನಾಲ್ಕು ಜನರ ಸಹವಾಸವನ್ನೂ, ತಾನೂ ಒಬ್ಬನೆಂಬ ಮರ್ಯಾದೆಯನ್ನೂ ಕೊಡುತ್ತದೆ. ಅದು ಹೋದಾಗ ಇವೆಲ್ಲವೂ ಒಟ್ಟಿಗೇ ಹೋಗುವುವು.

ಇದು ಮುಗ್ಗಟ್ಟಿನ ಆ ಒಂದು ಕಾಲದ ಮಾತು ಮಾತ್ರವಲ್ಲ. 1997ರ ನವೆಂಬರಿನಲ್ಲಿ ಜಪಾನಿನಲ್ಲಿ ಒಂದು ದೊಡ್ಡ ಬ್ಯಾಂಕೂ, ಷೇರುವ್ಯವಹಾರದಲ್ಲಿ ಹೆಸರಾಂತ ಯಮಾಯಿಚಿ ಸಂಸ್ಥೆಯೂ ಮುಳುಗಿದುವು. ಆ ವರ್ಷ 24,391 ಆಗಿದ್ದ ಆತ್ಮಹತ್ಯೆಗಳು ಮರುವರ್ಷ 32,863ಕ್ಕೆ ಏರಿದುವು. ಏರಿದ ಲೆಕ್ಕವು ಇಳಿಯಲೇ ಇಲ್ಲ. 14 ವರ್ಷಗಳ ಕಾಲ ಅದು 30,000ದ ಮೇಲೆಯೇ ನಿಂತಿತು. 2003ರಲ್ಲಿ 34,427ಕ್ಕೆ ಮುಟ್ಟಿತು. ಈ ಏರಿಕೆಯಲ್ಲಿ ನಡುವಯಸ್ಸಿನ ಗಂಡಸರ ಪಾಲು ದೊಡ್ಡದು. ಜಪಾನಿನಲ್ಲಿ ಸಣ್ಣ ಉದ್ಯಮದವನು ಸಾಲ ಪಡೆಯಬೇಕಾದರೆ ಬಂಧುವೋ ಮಿತ್ರನೋ ಜಾಮೀನು ನಿಲ್ಲುವುದು ವಾಡಿಕೆಯಾಗಿತ್ತು. ಉದ್ಯಮವು ಕೆಟ್ಟಾಗ ಸಾಲಗಾರನೊಡನೆ ಜಾಮೀನುದಾರನ ಮನೆಯೂ ಹೋಗುತ್ತಿತ್ತು. ತನ್ನನ್ನು ನಂಬಿದವನನ್ನು ಮುಳುಗಿಸಿದೆನೆಂಬ ಸಂಕಟವು ಸಾಲದ ಭಾರವನ್ನು ಇಮ್ಮಡಿಸುತ್ತಿತ್ತು. ಅಲ್ಲಿಯ ಸಂಸತ್ತು 2006ರಲ್ಲಿ ಎರಡು ಕೆಲಸಗಳನ್ನು ಮಾಡಿತು: ಆತ್ಮಹತ್ಯೆಯು ವ್ಯಕ್ತಿಯೊಬ್ಬನ ಖಾಸಗಿ ವಿಷಯವಲ್ಲ, ಅದನ್ನು ತಡೆಯುವುದು ಸಮಾಜದ ಹೊಣೆಯೆಂದು ಶಾಸನವನ್ನು ಮಾಡಿತು, ಲೇವಾದೇವಿಯ ಕಾಯಿದೆಯನ್ನು ತಿದ್ದಿ ಬಡ್ಡಿಯ ಮಿತಿಯನ್ನು ಬಿಗಿಗೊಳಿಸಿತು. ಈ ತಿದ್ದುಪಡಿಯು 2010ರಲ್ಲಿ ಸಂಪೂರ್ಣವಾಗಿ ಜಾರಿಗೆ ಬಂದಿತು. 2012ರಲ್ಲಿ ಲೆಕ್ಕವು 27,858ಕ್ಕೆ ಇಳಿಯಿತು. 2019ರಲ್ಲಿ 20,169 ಆಯಿತು. ಶಾಸನಗಳೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಅಷ್ಟರಲ್ಲಿ ಉದ್ಯೋಗವೂ ಸುಧಾರಿಸಿತ್ತು. ಆದರೂ ದೈವಲಿಖಿತವೆಂದು ಕೈಕಟ್ಟಿ ಕುಳಿತಿದ್ದರೆ ಈ ಇಳಿತವು ಬರುತ್ತಿರಲಿಲ್ಲವೆಂದು ನಂಬಲು ಆಧಾರವುಂಟು.

ಆ ಆಧಾರವು ಉತ್ತರ ಯೂರೋಪಿನಲ್ಲಿ ಇನ್ನೂ ಸ್ಪಷ್ಟವಾಗಿದೆ. 1990ರ ಅನಂತರದ ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ನಿರುದ್ಯೋಗವು ನೂರಕ್ಕೆ ಎರಡಕ್ಕಿಂತ ಕಡಿಮೆಯಿದ್ದದ್ದು ಎಂಟನ್ನು ದಾಟಿತು. ಫಿನ್ಲೆಂಡಿನಲ್ಲಿ ಮೂರರಷ್ಟಿದ್ದದ್ದು ಹದಿನಾರನ್ನು ಮೀರಿತು. ಇಷ್ಟು ದೊಡ್ಡ ವಿಪತ್ತಿನಲ್ಲಿ ಆತ್ಮಹತ್ಯೆಗಳು ಏರಲೇಬೇಕಾಗಿತ್ತು. ಏರಲಿಲ್ಲ, ಎರಡು ದೇಶಗಳಲ್ಲಿಯೂ ಇಳಿದುವು. ಕೆಲಸವು ತಪ್ಪಿದವನಿಗೆ ಜೀವನಾಂಶವನ್ನೂ, ಹೊಸ ಕಸುಬಿನ ಶಿಕ್ಷಣವನ್ನೂ, ಪುನಃ ಉದ್ಯೋಗಕ್ಕೆ ಸೇರುವವರೆಗೆ ಜತೆಗಿರುವ ಏರ್ಪಾಟನ್ನೂ ಅಲ್ಲಿಯ ಸರ್ಕಾರಗಳು ಮಾಡಿದ್ದುವು. ಡೇವಿಡ್ ಸ್ಟಕ್ಲರನೂ ಅವನ ಸಂಗಡಿಗರೂ ಯೂರೋಪಿನ 26 ರಾಷ್ಟ್ರಗಳ 1970ರಿಂದ 2007ರವರೆಗಿನ ಲೆಕ್ಕಗಳನ್ನು ಪರಿಶೋಧಿಸಿ 2009ರಲ್ಲಿ ತಿಳಿಸಿದ್ದೂ ಇದನ್ನೇ: ನಿರುದ್ಯೋಗವು ನೂರಕ್ಕೆ ಒಂದರಷ್ಟು ಏರಿದಾಗ 65 ವರ್ಷದೊಳಗಿನವರ ಆತ್ಮಹತ್ಯೆಗಳು ಸರಾಸರಿಯಲ್ಲಿ ಶೇಕಡ 0.79ರಷ್ಟು ಏರುತ್ತವೆ, ಆದರೆ ಕೆಲಸ ಕಳೆದುಕೊಂಡವರನ್ನು ಪುನಃ ಕೆಲಸಕ್ಕೆ ಹಚ್ಚುವುದಕ್ಕಾಗಿ ಹೆಚ್ಚು ಹಣವನ್ನು ವೆಚ್ಚಮಾಡುವ ರಾಷ್ಟ್ರಗಳಲ್ಲಿ ಈ ಸಂಬಂಧವು ಕ್ಷೀಣಿಸುತ್ತದೆ. ಅರ್ಥವಿಪತ್ತಿಗೂ ಆತ್ಮಹತ್ಯೆಗೂ ನಡುವಣ ಕೊಂಡಿಯು ಪ್ರಕೃತಿನಿಯಮವಲ್ಲವೆಂದೂ ಅದನ್ನು ಬಿಡಿಸಬಹುದೆಂದೂ ಇದರಿಂದ ಸಿದ್ಧವಾಗುತ್ತದೆ.

ಡರ್ಖೈಮನ ಸಿದ್ಧಾಂತದಲ್ಲಿ ಒಂದು ಅಂಶವನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಬಡತನವು ಕಾಪಾಡುತ್ತದೆ ಎಂಬರ್ಥದ ಮಾತನ್ನು ಅವನು ಪ್ರಾಂತಗಳ ಲೆಕ್ಕದಿಂದ ಆಡಿದನು. ಭಕ್ತಿಪ್ರಧಾನವಾದ ಬಡಪ್ರಾಂತಗಳಲ್ಲಿ ಇಂತಹ ಮರಣಗಳನ್ನು ಲಜ್ಜೆಯಿಂದ ಮರೆಮಾಡುವುದೂ ಉಂಟೆಂಬುದನ್ನು ಮುಂದಿನ ವಿದ್ವಾಂಸರು ತೋರಿಸಿರುವರು. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಲೆಕ್ಕದಂತೆ ಆ ವರ್ಷ ದೇಶದಲ್ಲಿ 1,70,924 ಆತ್ಮಹತ್ಯೆಗಳಾದುವು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ವಾರ್ಷಿಕ ಆದಾಯವು ಒಂದು ಲಕ್ಷ ರೂಪಾಯಿಗಿಂತ ಕಡಿಮೆ. ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಿನವರು ದಿನಗೂಲಿಯವರು. ಬಡತನವು ಇಲ್ಲಿ ಕವಚವಾಗಲಿಲ್ಲ. ಮಳೆಯೊಂದು ತಪ್ಪಿದರೆ, ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ತಡೆದುಕೊಳ್ಳುವ ಶಕ್ತಿಯು ಬಡವನಿಗೆ ಇರುವುದಿಲ್ಲವಾದ್ದರಿಂದ ಪಲ್ಲಟದ ಪೆಟ್ಟು ಅವನಿಗೆ ಪದೇ ಪದೇ ಬೀಳುವುದು. 2017ರಲ್ಲಿ ಟಾಮಾ ಕಾರ್ಲ್‌ಟನ್ ಎಂಬ ವಿದುಷಿಯು ಭಾರತದ ಲೆಕ್ಕಗಳನ್ನು ಹವೆಯ ದಾಖಲೆಗಳೊಡನೆ ಹೋಲಿಸಿದಾಗ, ಪೈರು ಬೆಳೆಯುವ ತಿಂಗಳುಗಳಲ್ಲಿ ಬಿಸಿಲು ಹೆಚ್ಚಿದರೆ ಆತ್ಮಹತ್ಯೆಗಳು ಏರುವುದೂ, ಹೊಲವು ಖಾಲಿಯಿರುವ ತಿಂಗಳುಗಳಲ್ಲಿ ಅದೇ ಬಿಸಿಲು ಹಾಗೆ ಮಾಡದಿರುವುದೂ ಕಂಡುಬಂದಿತು. ಕೊಲ್ಲುವುದು ಬಿಸಿಲಲ್ಲ, ಪೈರಿನ ನಾಶ. ಇಂಡೋನೇಷ್ಯಾದಲ್ಲಿ ಸರ್ಕಾರವು ಬಡಕುಟುಂಬಗಳಿಗೆ ನೇರವಾಗಿ ಹಣಸಹಾಯವನ್ನು ಕೊಡತೊಡಗಿದ ಪ್ರದೇಶಗಳಲ್ಲಿ ಆತ್ಮಹತ್ಯೆಗಳು ಶೇಕಡ 18ರಷ್ಟು ಕಡಿಮೆಯಾದುವೆಂದು 2019ರ ಸಂಶೋಧನೆಯೊಂದು ತಿಳಿಸುತ್ತದೆ.

ಕರ್ನಾಟಕಕ್ಕೆ ಈ ಚರಿತ್ರೆಯು ಹೊರಗಿನದಲ್ಲ. 1998ರ ಸುಮಾರಿನಲ್ಲಿ ಬೀದರ, ಕಲಬುರಗಿಗಳ ಕಡೆ ತೊಗರಿಯ ಬೆಳೆಯು ಕೆಟ್ಟು ರೈತರ ಆತ್ಮಹತ್ಯೆಗಳು ಸುದ್ದಿಯಾದುವು. ಕೃಷಿವಿಜ್ಞಾನಿಗಳಾದ ಡಾ. ಜಿ. ಕೆ. ವೀರೇಶರ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ಸಮಿತಿಯು 2002ರಲ್ಲಿ ವರದಿಯನ್ನು ಕೊಟ್ಟಿತು. ಬೆಳೆನಾಶ, ಸಾಲಗಳೊಡನೆ ಕುಡಿತ, ಗೃಹಕಲಹ ಮುಂತಾದವುಗಳನ್ನೂ ಸಮಿತಿಯು ಎಣಿಸಿದ್ದರಿಂದ ದೊಡ್ಡ ವಿವಾದವೆದ್ದಿತು. ಸಾಲವೇ ಕಾರಣವೆಂದು ಒಂದು ಪಕ್ಷ, ಕುಡಿತವೇ ಎಂದು ಇನ್ನೊಂದು ಪಕ್ಷ. ಮಾರಿಯೆಂಟಾಲಿನ ಬೀದಿಯನ್ನು ನೆನೆದವರಿಗೆ ಈ ವಿವಾದವು ಬಹುಮಟ್ಟಿಗೆ ನಿರರ್ಥಕವೆಂದು ತೋರುವುದು. ಹೊಲವು ಕೈಬಿಟ್ಟವನು ಕುಡಿತಕ್ಕೆ ಬೀಳುವನು; ಕುಡಿತದಿಂದ ಮನೆ ಮುರಿಯುವುದು; ಮುರಿದ ಮನೆಯಲ್ಲಿ ಸಾಲದ ಮಾತು ಕತ್ತಿಯಾಗುವುದು. ಹಗ್ಗದ ಒಂದೊಂದು ಎಳೆಯನ್ನು ಹಿಡಿದು ಇದೇ ಹಗ್ಗವೆನ್ನುವುದು ತರವಲ್ಲ. 2022ರಲ್ಲಿ ಕರ್ನಾಟಕದಲ್ಲಿ 13,606 ಆತ್ಮಹತ್ಯೆಗಳಾದುವು. ಅವರಲ್ಲಿ 2,392 ಮಂದಿ ಕೃಷಿಯನ್ನವಲಂಬಿಸಿದವರು. ಸೂಪಾದ ರೈತನಿಗೆ ಸಾಹುಕಾರನ ಮನೆಯೂ ಪತ್ರವೂ ಕಣ್ಣಮುಂದೆ ಇದ್ದುವು, ನೆರೆಯವನು ಪಕ್ಕದಲ್ಲಿದ್ದನು. ಈಗ ಸಾಲವು ಬ್ಯಾಂಕು, ಸಂಘ, ಕೈಸಾಲಗಳಲ್ಲಿ ಹಂಚಿಹೋಗಿದೆ; ಕೊಳವೆಬಾವಿ ಬತ್ತಿದ್ದು ಅವನೊಬ್ಬನ ಹೊಲದಲ್ಲಿ; ಕಂತಿನವರು ಬಂದು ನಿಲ್ಲುವುದು ಅವನೊಬ್ಬನ ಬಾಗಿಲಲ್ಲಿ.

ಪ್ರಾಚೀನರು ಈ ವಿಷಯವನ್ನು ಕಾಣದಿದ್ದವರಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎರಡು ನಿಯಮಗಳುಂಟು. ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ, ಕಾಮಕ್ರೋಧವಶರಾಗಿ ಪ್ರಾಣವನ್ನು ಕಳೆದುಕೊಂಡವರ ಶವವನ್ನು ರಾಜಮಾರ್ಗದಲ್ಲಿ ಎಳೆಸಬೇಕೆಂದೂ ಅವರಿಗೆ ಸಂಸ್ಕಾರವು ಸಲ್ಲದೆಂದೂ ವಿಧಿಸಿದೆ. ಧರ್ಮಸ್ಥೀಯವೆಂಬ ಮೂರನೆಯದರಲ್ಲಿ, ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವು ಧರ್ಮ್ಯವಾದ ಬಡ್ಡಿಯೆಂದೂ, ಸಾಲ ಕೊಟ್ಟವನ ಮತ್ತು ಪಡೆದವನ ನಡತೆಯ ಮೇಲೆ ರಾಜ್ಯದ ಯೋಗಕ್ಷೇಮವು ನಿಂತಿರುವುದರಿಂದ ಅದನ್ನು ಗಮನಿಸುತ್ತಿರಬೇಕೆಂದೂ ಹೇಳಿದೆ. ಒಟ್ಟಿಗೆ ಪಡೆಯುವ ಬಡ್ಡಿಯು ಅಸಲನ್ನು ಮೀರಕೂಡದೆಂಬುದು ಮನುವಿನ ಮತ; ‘ದಾಮದುಪ್ಪಟ’ವೆಂಬ ಹೆಸರಿನಿಂದ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಅದನ್ನು ಆಂಗ್ಲರ ಕಾಲದಲ್ಲಿಯೂ ಮನ್ನಿಸುತ್ತಿದ್ದುವು. ಮೊದಲನೆಯ ನಿಯಮವು ಸತ್ತವನಿಗೆ ವಿಧಿಸಿದ ದಂಡ. ಎರಡನೆಯದು ಬದುಕಿರುವವನಿಗೆ ಕೊಟ್ಟ ಆಸರೆ. ಲೋಕವು ಬಹುಕಾಲ ಮೊದಲನೆಯದನ್ನೇ ಬಿಗಿಯಾಗಿ ಹಿಡಿದುಕೊಂಡಿತು. ಇಂಗ್ಲೆಂಡಿನಲ್ಲಿ ಆತ್ಮಹತ್ಯೆಯು ಅಪರಾಧವೆಂಬ ಕಾನೂನು ರದ್ದಾದದ್ದು 1961ರಲ್ಲಿ. ಭಾರತದಲ್ಲಿ ಪ್ರಯತ್ನಿಸಿ ಬದುಕುಳಿದವನಿಗೆ ಸೆರೆಮನೆಯನ್ನು ತೋರಿಸುತ್ತಿದ್ದ 1860ರ ದಂಡಸಂಹಿತೆಯ 309ನೆಯ ಕಲಮನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಸ್ತೇಜಗೊಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಆ ಕಲಮಿಗೆ ಸ್ಥಾನವಿಲ್ಲ.

ಕಾನೂನು ಬಿಟ್ಟುಕೊಟ್ಟ ದಂಡವನ್ನು ಊರಿನ ನಾಲಗೆಯು ಇನ್ನೂ ಬಿಟ್ಟಿಲ್ಲ. ಸಾಲಕ್ಕೆ ಹೆದರಿದ ಹೇಡಿಯೆಂದು ಸತ್ತವನ ಮನೆಯ ಮುಂದೆ ಆಡುವ ಮಾತನ್ನು, ಅದೇ ಸ್ಥಿತಿಯಲ್ಲಿರುವ ಮತ್ತೊಬ್ಬನು ಕೇಳುತ್ತಿರುತ್ತಾನೆ. ಕೇಳಿ ತನ್ನ ಸಾಲವನ್ನು ಹೆಂಡತಿಗೂ ಹೇಳದೆ ಮುಚ್ಚಿಡುತ್ತಾನೆ. ವಿಯೆನ್ನಾದಿಂದ ಇಂದಿನವರೆಗಿನ ಲೆಕ್ಕಗಳೆಲ್ಲ ಹೇಳುವುದು, ಅಪಾಯವು ಸಾಲದ ಮೊತ್ತದಲ್ಲಿರುವುದಕ್ಕಿಂತ ಆ ಮುಚ್ಚಿಡುವಿಕೆಯಲ್ಲಿ ಹೆಚ್ಚಾಗಿದೆಯೆಂದು. ಸರ್ಕಾರವು ಮಾಡತಕ್ಕದ್ದು ಬೆಳೆವಿಮೆ, ನ್ಯಾಯವಾದ ಬಡ್ಡಿ, ಕೆಲಸ ತಪ್ಪಿದವನಿಗೆ ಕೆಲಸ. ಮನಸ್ಸು ಕುಗ್ಗಿದವರು ಹಗಲಿರುಳೆನ್ನದೆ ಮಾತನಾಡಲೆಂದು ಭಾರತ ಸರ್ಕಾರವು 2022ರಲ್ಲಿ ‘ಟೆಲಿ ಮಾನಸ್’ ಎಂಬ ದೂರವಾಣಿಯನ್ನು ಸ್ಥಾಪಿಸಿದೆ. ಅದರ ಸಂಖ್ಯೆ 14416, ಮಾತು ಕನ್ನಡದಲ್ಲಿಯೂ ನಡೆಯುತ್ತದೆ. ನೆರೆಯವರು ಮಾಡತಕ್ಕದ್ದು ಇದಕ್ಕಿಂತ ಸಣ್ಣದು. ಪೈರು ಹೋದ ವರ್ಷ, ಅಂಗಡಿ ಮುಚ್ಚಿದ ತಿಂಗಳು, ಆ ಮನೆಗೆ ಹೋಗಿ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು, ‘ಏನು ಕಷ್ಟವಿತ್ತು?’ ಎಂದು ಆಮೇಲೆ ಊರೆಲ್ಲ ಕೇಳುವ ಪ್ರಶ್ನೆಯನ್ನು ಮೊದಲೇ, ಅವನಿಂದಲೇ ಕೇಳುವುದು.